ಗುಳಿಗೆಯ ಲೆಕ್ಕದಿಂದ ಮನೆಯ ನೆಲದವರೆಗೆ

ರಿಫಾಂಪಿಸಿನ್ ನುಂಗಿದ ಕೆಲವೇ ಗಂಟೆಗಳಲ್ಲಿ ರೋಗಿಯ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕ್ಷಯಕ್ಕೂ ಕುಷ್ಠಕ್ಕೂ ಕೊಡುವ ಔಷಧ ಇದು. ಬಣ್ಣ ಕಂಡು ಹೆದರಬೇಡಿ ಎಂದು ಆರೋಗ್ಯ ಕಾರ್ಯಕರ್ತರು ಮೊದಲೇ ಹೇಳಿರುತ್ತಾರೆ. ಅದೇ ಬಣ್ಣ ಅವರಿಗೆ ಇನ್ನೊಂದು ಕೆಲಸಕ್ಕೂ ಒದಗಿತು. ಕೊಟ್ಟು ಕಳಿಸಿದ ಗುಳಿಗೆ ಹೊಟ್ಟೆಗೆ ಹೋಯಿತೋ, ಕಿಟಕಿಯಾಚೆಗೆ ಹೋಯಿತೋ ಎಂಬುದಕ್ಕೆ ಅದು ಸಾಕ್ಷಿಯಾಯಿತು.

ವಸ್ತು ಕೂಡಿಡುವ ಕಾಯಿಲೆಗೆ ಅಂಥ ಸಾಕ್ಷಿ ಇಲ್ಲ. ಹಳೆಯ ಪತ್ರಿಕೆ, ಖಾಲಿ ಡಬ್ಬಿ, ಹರಿದ ಬಟ್ಟೆ, ಕೆಟ್ಟುನಿಂತ ಮಿಕ್ಸರ್, ಯಾವುದನ್ನೂ ಬಿಸಾಡಲಾಗುವುದಿಲ್ಲ. ಬಿಸಾಡುವ ಮಾತೆತ್ತಿದರೇ ಜೀವ ಹಿಂಡಿದಂತಾಗುತ್ತದೆ. ಕೊನೆಗೆ ಮಲಗಲು, ಒಲೆ ಹಚ್ಚಲು ಕೂಡ ಜಾಗ ಉಳಿಯದಂತೆ ಮನೆ ತುಂಬಿಹೋಗುತ್ತದೆ. ಬಹುಕಾಲ ಇದನ್ನು ಗೀಳು ಕಾಯಿಲೆಯ ಒಂದು ಲಕ್ಷಣವೆಂದೇ ನೋಡುತ್ತಿದ್ದರು. ‘ಹೋರ್ಡಿಂಗ್ ಡಿಸಾರ್ಡರ್’ ಎಂಬ ಸ್ವಂತ ಹೆಸರು ಅದಕ್ಕೆ ಸಿಕ್ಕಿದ್ದು 2013ರ ಮೇ ತಿಂಗಳಲ್ಲಿ, ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ. ಆಗ ಆ ಸಂಘದ ಅಧ್ಯಕ್ಷರಾಗಿದ್ದ ದಿಲೀಪ್ ಜೇಸ್ತೆ ಮನೋವೈದ್ಯಶಾಸ್ತ್ರ ಕಲಿತದ್ದು ಮುಂಬೈನ ಪರೇಲಿನಲ್ಲಿರುವ ಕೆಇಎಂ ಆಸ್ಪತ್ರೆಯಲ್ಲಿ.

ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಗುಳಿಗೆ ಇನ್ನೂ ಇಲ್ಲ. ಚಿಕಿತ್ಸೆಯೆಂದರೆ ಮಾತುಕತೆ ಮತ್ತು ಮನೆಗೆಲಸ. ಒಂದೊಂದೇ ವಸ್ತು ಕೈಗೆತ್ತಿಕೊಂಡು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಬೇಕು, ಹೊಸದನ್ನು ತರುವ ಆಸೆ ತಡೆಯಬೇಕು, ಮುಂದಿನ ವಾರ ಬರುವಾಗ ಮೇಜಿನ ಒಂದು ಮೂಲೆಯನ್ನಾದರೂ ಖಾಲಿ ಮಾಡಿರಬೇಕು. ರೋಗಿ ಅದನ್ನು ಮಾಡಿದನೇ ಎಂದು ತಿಳಿಯುವುದು ಹೇಗೆ? ಕಾಯಿಲೆಯ ಹೆಸರು ಹೊಸದಾದರೂ ಈ ಪ್ರಶ್ನೆ ಮುಂಬೈಗೆ ಹಳೆಯದು. ವೈದ್ಯರು ಹೇಳಿದ್ದನ್ನು ರೋಗಿ ಪಾಲಿಸಿದನೇ ಎಂದು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಗೆಬಗೆಯಾಗಿ ಅಳೆದುನೋಡಿದ ನಗರ ಅದು. ಆ ಅಳತೆಗಳಲ್ಲಿ ಯಾವುದು ರೋಗಿಗೆ ನೆರವಾಯಿತು, ಯಾವುದು ಅವನನ್ನು ಓಡಿಸಿತು ಎಂಬುದು ನಗರದ ಚರಿತ್ರೆಯಲ್ಲೇ ಇದೆ.

ಮೊದಲ ಅಳತೆ ತಲೆ ಎಣಿಕೆ. ಮುನಿಸಿಪಲ್ ಕಮಿಷನರ್ ಎಚ್.ಎ. ಆಕ್ವರ್ತ್ 1890ರಲ್ಲಿ ಮಾಟುಂಗಾ ಬಳಿ ನೆಲೆಯಿಲ್ಲದ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯ ತೆರೆದರು. ವಡಾಲಾದಲ್ಲಿ ಇಂದಿಗೂ ಅವರ ಹೆಸರಿನಲ್ಲೇ ಇರುವ ಆಸ್ಪತ್ರೆಯ ಮೂಲ ಅದು. ನಿಜವಾಗಿ ಗುಣಪಡಿಸುವ ಔಷಧ ಆಗ ಇರಲಿಲ್ಲ. ಹಾಗಾಗಿ ಆವರಣದ ಒಳಗಿರುವುದೇ ಚಿಕಿತ್ಸೆ, ಹೊರಗೆ ಹೋದರೆ ತಪ್ಪು. 1898ರ ಲೆಪರ್ಸ್ ಆ್ಯಕ್ಟ್ ಬಡ ಕುಷ್ಠರೋಗಿಗಳನ್ನು ಹಿಡಿದು ಒಳಗಿಡುವ ಅಧಿಕಾರವನ್ನೇ ಕೊಟ್ಟಿತು. ಆ ಕಾನೂನನ್ನು ಸಂಸತ್ತು ರದ್ದುಪಡಿಸಿದ್ದು 2016ರಲ್ಲಿ. ಔಷಧ ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಪುಸ್ತಕದಲ್ಲಿ ಉಳಿದುಕೊಂಡಿತ್ತು.

1890ರ ದಶಕದಲ್ಲೇ ಪ್ಲೇಗ್ ಕೂಡ ಬಂತು. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಬದಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಅದನ್ನು ಗುರುತಿಸಿದರು. ಮುಂದೆ ನಡೆದದ್ದು ಇಂದಿನ ವಿಷಯಕ್ಕೆ ನೇರವಾಗಿ ಸೇರಿದ್ದು. ಮರುವರ್ಷ ಜಾರಿಯಾದ ಸಾಂಕ್ರಾಮಿಕ ರೋಗಗಳ ಕಾಯ್ದೆ ಮತ್ತು ಜನರಲ್ ಗ್ಯಾಟ್ಕರ್ ನೇತೃತ್ವದ ಪ್ಲೇಗ್ ಸಮಿತಿಯ ಬಲದಿಂದ ಶೋಧ ತಂಡಗಳು ಮನೆಮನೆಗೆ ನುಗ್ಗಿದವು. ಹಾಸಿಗೆ, ಬಟ್ಟೆ, ಮನೆಸಾಮಾನು ಬೀದಿಗೆ ಬಿದ್ದು ಸುಟ್ಟುಹೋದವು. ಬೆಳಕು ಬರಲೆಂದು ಹೆಂಚು ಕಿತ್ತರು, ಗೋಡೆಗೆ ಸುಣ್ಣ ಬಳಿದರು, ಮನುಷ್ಯರ ವಾಸಕ್ಕೆ ತಕ್ಕುದಲ್ಲ ಎನ್ನುವ ‘ಯುಎಚ್‌ಎಚ್’ ಗುರುತನ್ನು ಬಾಗಿಲ ಮೇಲೆ ಬರೆದರು. ಜನ ರೋಗಿಗಳನ್ನು ಅಡಗಿಸಿಟ್ಟರು, ಸಾವುಗಳನ್ನು ಮುಚ್ಚಿಟ್ಟರು, ಊರು ಬಿಟ್ಟರು. ಕಾಯ್ದೆ ಬರುವ ಮೊದಲೇ, 1896ರ ಅಕ್ಟೋಬರಿನಲ್ಲಿ, ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. 1898ರ ಮಾರ್ಚಿನಲ್ಲಿ ನಗರದಲ್ಲಿ ದಂಗೆಯೇ ಆಯಿತು. ಇನ್ನೊಬ್ಬರ ಮನೆಯನ್ನು ಬಲವಂತದಿಂದ ಬರಿದು ಮಾಡಿದರೆ ಒಳಗಿದ್ದವರು ಏನು ಮಾಡುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಗುಳಿಗೆ ಎಣಿಸುವ ಕಾಲ ಬಂದದ್ದು ಸ್ವಾತಂತ್ರ್ಯದ ನಂತರ. ಸ್ಟ್ರೆಪ್ಟೊಮೈಸಿನ್, ಪಿಎಎಸ್, 1952ರಲ್ಲಿ ಐಸೋನಿಯಾಜಿಡ್ ಸಿಕ್ಕಮೇಲೆ ಕ್ಷಯ ವಾಸಿಯಾಗುವ ಕಾಯಿಲೆಯಾಯಿತು. ಆದರೆ ತಿಂಗಳುಗಟ್ಟಲೆ, ಕೆಮ್ಮು ನಿಂತಮೇಲೂ ಔಷಧ ನುಂಗುತ್ತಲೇ ಇರಬೇಕು. ಪಿಎಎಸ್ ಅಂತೂ ದಿನಕ್ಕೆ ಹಲವು ಗ್ರಾಂ, ಹೊಟ್ಟೆ ತೊಳಸುವಂಥದ್ದು. ಇಂಥ ಚಿಕಿತ್ಸೆಯನ್ನು ಮನೆಯಲ್ಲೇ ಕೊಡಬಹುದೇ ಎಂದು ತಿಳಿಯಲು 1956ರಲ್ಲಿ ಮದ್ರಾಸಿನಲ್ಲಿ ಪ್ರಯೋಗ ಶುರುವಾಯಿತು. ಮುಂದಾಳು ವಾಲೆಸ್ ಫಾಕ್ಸ್. ಮನೆಯಲ್ಲಿದ್ದ ಬಡ ರೋಗಿಗಳೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಚೇತರಿಸಿಕೊಂಡರು. ಆ ಫಲದ ಹಿಂದೆ ಬಹಳ ಓಡಾಟವಿತ್ತು. ಕಾರ್ಯಕರ್ತರು ಮುನ್ಸೂಚನೆ ಇಲ್ಲದೆ ಮನೆಗೆ ಹೋಗಿ ಉಳಿದ ಗುಳಿಗೆ ಎಣಿಸುತ್ತಿದ್ದರು, ಮೂತ್ರದ ಮಾದರಿ ತರುತ್ತಿದ್ದರು. ಅದಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಬಣ್ಣ ನೇರಳೆಗೆ ತಿರುಗಿದರೆ ಪಿಎಎಸ್ ಒಳಗೆ ಹೋಗಿದೆ ಎಂದು ಅರ್ಥ. ರೋಗಿಯ ಕೈಗೇ ಔಷಧ ಕೊಟ್ಟು ಬಿಟ್ಟರೆ ಏನಾಗುತ್ತದೆ ಎಂದು 1958ರಲ್ಲಿ ಫಾಕ್ಸ್ ಬರೆದ ಪ್ರಬಂಧ ಮುಂದಿನ ಎಲ್ಲ ಉಸ್ತುವಾರಿ ಪದ್ಧತಿಗಳಿಗೂ ಬುನಾದಿ.

ಇನ್ನೊಂದು ಪಾಠ ಹೊರಟದ್ದು ಕನ್ನಡ ನಾಡಿನಿಂದಲೇ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ, ಸ್ಟಿಗ್ ಆ್ಯಂಡರ್ಸನ್ ಜೊತೆಗೂಡಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದೋ ಆಸ್ಪತ್ರೆಯ ಬಾಗಿಲು ತಟ್ಟಿದ್ದರು, ಕೆಮ್ಮಿನ ಔಷಧ ಪಡೆದು ಮರಳಿದ್ದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಎಡವಿದ್ದು ಆಸ್ಪತ್ರೆ. ಈ ಅಧ್ಯಯನಕ್ಕೆ ಸಿಗಬೇಕಾದಷ್ಟು ಮನ್ನಣೆ ಇಂದಿಗೂ ಸಿಕ್ಕಿಲ್ಲ.

ಮತ್ತೆ ಮುಂಬೈಗೆ. ಕುಷ್ಠಕ್ಕೆ ಡ್ಯಾಪ್ಸೋನ್ ಬಂದು ಆಶ್ರಯದ ಬಾಗಿಲು ತೆರೆಯಿತು, ಆದರೆ ವರ್ಷಾನುಗಟ್ಟಲೆ, ಕೆಲವರು ಜೀವನಪೂರ್ತಿ ನುಂಗಬೇಕಾಗಿತ್ತು. ಎಷ್ಟು ಮಂದಿ ನುಂಗುತ್ತಿದ್ದಾರೆ ಎಂದು ಮೂತ್ರ ಪರೀಕ್ಷೆಯಿಂದ ಅಳೆಯುವ ವಿಧಾನಗಳು 1970ರ ದಶಕದಲ್ಲಿ ಬೆಳೆದವು. ಅಷ್ಟರಲ್ಲಿ ಡ್ಯಾಪ್ಸೋನಿಗೆ ಜಗ್ಗದ ರೋಗಾಣುಗಳೂ ಹುಟ್ಟಿಕೊಂಡಿದ್ದವು. 1976ರಲ್ಲಿ ಡಾ. ಆರ್. ಗಣಪತಿ ಬಾಂಬೆ ಲೆಪ್ರಸಿ ಪ್ರಾಜೆಕ್ಟ್ ಕಟ್ಟಿದರು. ಸಯಾನ್-ಚುನಾಭಟ್ಟಿಯಲ್ಲಿ ನೆಲೆ, ಧಾರಾವಿಯ ಓಣಿಗಳಲ್ಲಿ ಕೆಲಸ. ಊರಾಚೆ ಕೂಡಿಹಾಕುವ ಬದಲು ರೋಗಿ ಇದ್ದ ಗಲ್ಲಿಗೇ ಹೋಗಿ ಹುಡುಕಿ ಚಿಕಿತ್ಸೆ ಕೊಡುವ ಪದ್ಧತಿ ಅದು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಶಿಫಾರಸು ಮಾಡಿದ ಬಹು-ಔಷಧ ಚಿಕಿತ್ಸೆಯಲ್ಲಿ ಅಳತೆಯನ್ನು ಔಷಧದ ಪಟ್ಟಿಯೊಳಗೇ ಹೆಣೆದಿದ್ದರು. ತಿಂಗಳಿಗೊಮ್ಮೆ 600 ಮಿಲಿಗ್ರಾಂ ರಿಫಾಂಪಿಸಿನ್, 300 ಮಿಲಿಗ್ರಾಂ ಕ್ಲೊಫಜಿಮೈನ್ ಕಾರ್ಯಕರ್ತರ ಕಣ್ಣೆದುರೇ ನುಂಗಬೇಕು. ಉಳಿದ ದಿನಗಳ ಡ್ಯಾಪ್ಸೋನ್ ಮತ್ತು ಸಣ್ಣ ಪ್ರಮಾಣದ ಕ್ಲೊಫಜಿಮೈನ್ ಮನೆಯಲ್ಲಿ. ದಿನಕ್ಕೊಂದು ಗುಂಡಿಯಿದ್ದ ಕ್ಯಾಲೆಂಡರ್ ಪ್ಯಾಕ್ ನೋಡಿದರೆ ಯಾವ ದಿನ ತಪ್ಪಿತು ಎಂಬುದು ರೋಗಿಗೇ ಕಾಣುತ್ತಿತ್ತು. ಇದರಲ್ಲೊಂದು ನೋವಿನ ಸಂಗತಿಯೂ ಉಂಟು. ಕ್ಲೊಫಜಿಮೈನ್ ಚರ್ಮವನ್ನು ಕೆಂಗಪ್ಪಾಗಿಸುತ್ತದೆ. ಗುಳಿಗೆ ನುಂಗಿದ್ದಕ್ಕೆ ಮುಖವೇ ಪ್ರಮಾಣಪತ್ರವಾಯಿತು, ಕಾಯಿಲೆಯನ್ನು ನೆರೆಹೊರೆಗೆ ಸಾರಿದ್ದೂ ಅದೇ ಮುಖ. ಎಷ್ಟೋ ಮಂದಿಗೆ ಗುಳಿಗೆಯ ಮೇಲಿದ್ದ ಜಿಗುಪ್ಸೆಗೆ ಕಾರಣ ಮರೆವಲ್ಲ, ಈ ಬಣ್ಣ.

ರೋಗಿಯನ್ನು ಅಳೆಯುವ ಅಭ್ಯಾಸಕ್ಕೆ ದೊಡ್ಡ ತಿರುವು ಸಿಕ್ಕಿದ್ದು ಧಾರಾವಿಯಲ್ಲೇ. ಮುಕುಂದ ಉಪ್ಲೇಕರ್ ಮತ್ತು ಡೊನಾಲ್ಡ್ ಶೆಪರ್ಡ್ ಅಲ್ಲಿನ ಖಾಸಗಿ ವೈದ್ಯರ ಮುಂದೆ ಒಂದು ಸರಳ ಪ್ರಶ್ನೆ ಇಟ್ಟರು: ಕ್ಷಯಕ್ಕೆ ನೀವು ಏನು ಬರೆದುಕೊಡುತ್ತೀರಿ? 1991ರಲ್ಲಿ ಪ್ರಕಟವಾದ ಉತ್ತರ ದಂಗುಬಡಿಸುವಂಥದ್ದು. ನೂರು ವೈದ್ಯರು, 80 ಬಗೆಯ ಔಷಧ ಪಟ್ಟಿಗಳು. ಸುಮಾರು ಎರಡು ದಶಕದ ಬಳಿಕ ಹಿಂದುಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿ 2010ರಲ್ಲಿ ಪ್ರಕಟಿಸಿದರು. 106 ವೈದ್ಯರಲ್ಲಿ ಸರಿಯಾದ ಪಟ್ಟಿ ಬರೆದವರು ಆರು ಮಂದಿ. ಒಟ್ಟು ಪಟ್ಟಿಗಳು 63 ಬಗೆ. ಚೀಟಿಯೇ ತಪ್ಪಾಗಿರುವಾಗ ಅದನ್ನು ಅಕ್ಷರಶಃ ಪಾಲಿಸಿದ ರೋಗಿಗೆ ದಕ್ಕುವುದೇನು? ಯಾವ ಔಷಧಕ್ಕೂ ಬಗ್ಗದ ಕ್ಷಯ ಎಂದು ಉದ್ವಾಡಿಯಾ ತಂಡ ನಾಲ್ವರು ರೋಗಿಗಳ ವರದಿ ಹೊರತಂದ ಮೇಲೆ 2012ರ ಜನವರಿಯಲ್ಲಿ ದೇಶವಿಡೀ ಗಾಬರಿ ಹಬ್ಬಿತು. ಅವರಲ್ಲಿ ಮೂವರು ಹಲವು ಖಾಸಗಿ ವೈದ್ಯರ ಬಳಿ ಅಲೆದು, ಲಂಗುಲಗಾಮಿಲ್ಲದೆ ಬರೆದುಕೊಟ್ಟ ಔಷಧಗಳನ್ನು ನುಂಗಿದವರು. ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, ಪ್ರತಿ ಕ್ಷಯ ಪ್ರಕರಣವನ್ನೂ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಆದೇಶಿಸಿತು.

ಅಷ್ಟು ಹೊತ್ತಿಗೆ ‘ಡಾಟ್ಸ್’ ಎಲ್ಲರ ಬಾಯಲ್ಲಿತ್ತು. 1997ರಿಂದ ದೇಶದಲ್ಲಿ ಹರಡಿದ ಈ ಪದ್ಧತಿಯಲ್ಲಿ ವಾರಕ್ಕೆ ಮೂರು ಸಲ ಕೇಂದ್ರಕ್ಕೆ ಹೋಗಿ ಕಾರ್ಯಕರ್ತರ ಎದುರಿಗೇ ನುಂಗಬೇಕಿತ್ತು. ಲಕ್ಷಾಂತರ ಜೀವಗಳನ್ನು ಉಳಿಸಿದ ಕಾರ್ಯಕ್ರಮ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹನ್ನೊಂದಕ್ಕೆ ಇಳಿಸುವ ಹೋಟೆಲಿನ ಹುಡುಗ, ವಿರಾರಿನ ಲೋಕಲ್ ಹಿಡಿದು ದಿನಗೂಲಿಗೆ ಬರುವ ಕೆಲಸಗಾರ, ನಾಲ್ಕು ಮನೆಯ ಪಾತ್ರೆ ತೊಳೆಯುವ ಹೆಂಗಸು ಕೇಂದ್ರ ತೆರೆದಿರುವ ಹೊತ್ತಿಗೆ ಸಾಲಿನಲ್ಲಿ ನಿಲ್ಲಬೇಕಾದರೆ ಆ ದಿನದ ಕೂಲಿ ಬಿಡಬೇಕಿತ್ತು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ‘ಡಿಫಾಲ್ಟರ್’ ಎಂದು ಬೀಳುತ್ತಿತ್ತು. ಕೂಲಿ ತಪ್ಪಿದ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

ದಿನವೂ ಔಷಧ ಕೊಡುವ ಪದ್ಧತಿಗೆ ದೇಶ 2017ರಲ್ಲಿ ಹೊರಳಿತು. ಕೇಂದ್ರಕ್ಕೆ ಬರುವ ಬದಲು ಮಿಸ್ಡ್ ಕಾಲ್ ಕೊಡಿ ಎನ್ನುವ ‘99ಡಾಟ್ಸ್’ ಹುಟ್ಟಿದ್ದು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ, ಬಿಲ್ ಥೀಸ್ ಮತ್ತು ಸಂಗಡಿಗರ ಕೈಯಲ್ಲಿ. ಗುಳಿಗೆ ಹೊರತೆಗೆದಾಗ ಅದರ ಹಿಂದೆ ಅಡಗಿದ್ದ ಫೋನ್ ನಂಬರು ಕಾಣುತ್ತದೆ. ಆ ನಂಬರಿಗೆ ಒಂದು ಉಚಿತ ಕರೆ, ಅಂದಿನ ಡೋಸು ದಾಖಲು. ಜಾಣ ಉಪಾಯ, ಅಗ್ಗವೂ ಹೌದು. ಆಮೇಲೆ ಮುಂಬೈ, ಚೆನ್ನೈ, ವೆಲ್ಲೂರುಗಳಲ್ಲಿ ಸಂಶೋಧಕರು ತಿಳಿಸದೆ ರೋಗಿಗಳ ಮನೆಗೆ ಹೋಗಿ, ಮೂತ್ರದಲ್ಲಿ ಐಸೋನಿಯಾಜಿಡ್ ಇದೆಯೇ ಎಂದು ನೋಡಿ ಫೋನ್ ದಾಖಲೆಯ ಜೊತೆ ತಾಳೆ ಹಾಕಿದರು. ಎರಡೂ ಸಾಕಷ್ಟು ಹೊಂದಲಿಲ್ಲ. ನುಂಗಿಯೂ ಕರೆ ಮಾಡದವರಿದ್ದರು, ನುಂಗದೆಯೇ ಕರೆ ಮಾಡಿದವರೂ ಇದ್ದರು. ವಾಲೆಸ್ ಫಾಕ್ಸ್ ತಂಡ ಮದ್ರಾಸಿನಲ್ಲಿ ಮಾಡಿದಂತೆ ಕಡೆಗೂ ಮನೆಗೇ ಹೋಗಬೇಕಾಯಿತು.

ಮನೆಗೆ ಹೋದರೆ ಕಾಣುವುದು ಮೂತ್ರದ ಬಣ್ಣ ಮಾತ್ರವಲ್ಲ. 2018ರಲ್ಲಿ ಹೊರಬಂದ ‘ಡಾಕ್ಟರ್ಸ್ ಫಾರ್ ಯೂ’ ಅಧ್ಯಯನ ಗೋವಂಡಿ ಮತ್ತು ಮಾನ್‌ಖುರ್ದ್ ಕಡೆಯ ನಟವರ್ ಪಾರೇಖ್, ಲಲ್ಲುಭಾಯಿ ಕಂಪೌಂಡ್‌ಗಳ ಪುನರ್ವಸತಿ ಕಟ್ಟಡಗಳಿಗೆ ಹೊಕ್ಕಿತು. ಒಂದಕ್ಕೊಂದು ಅಂಟಿನಿಂತ ಕಟ್ಟಡಗಳು, ಕೆಳಮಹಡಿಗಳಿಗೆ ಬಿಸಿಲಿಲ್ಲ, ಗಾಳಿಯಿಲ್ಲ. ಕ್ಷಯ ಅಲ್ಲಿ ಹರಡುವುದಕ್ಕೂ ಕಟ್ಟಡದ ವಿನ್ಯಾಸಕ್ಕೂ ನಂಟಿದೆ ಎಂದು ಅಧ್ಯಯನ ತೋರಿಸಿತು. ಒಂದು ಡೋಸನ್ನೂ ತಪ್ಪಿಸದೆ ಕೋರ್ಸ್ ಮುಗಿಸಿದವರೂ ಮರಳುವುದು ಅದೇ ಕೋಣೆಗೆ.

ಮನಸ್ಸಿನ ಕಾಯಿಲೆಗಳ ಕಥೆ ಪಕ್ಕದಲ್ಲೇ, ಸ್ವಲ್ಪ ನಿಧಾನವಾಗಿ ಸಾಗಿತು. ಥಾಣೆಯ ಮಾನಸಿಕ ಆಸ್ಪತ್ರೆ 1901ರದ್ದು. 1938ರಲ್ಲಿ ಜೆಜೆ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ತೆರೆದಾಗ ಮನೋರೋಗಿಗೆ ಎಲ್ಲರೂ ಹೋಗುವ ಆಸ್ಪತ್ರೆಗೇ ಹೋಗುವ ದಾರಿಯಾಯಿತು. ಕೆಇಎಂನಲ್ಲಿ ಡಾ. ಎನ್.ಎಸ್. ವಾಹಿಯಾ ಮತ್ತು ಅವರ ತಂಡ, ಅದರಲ್ಲಿ ಯುವ ಜೇಸ್ತೆ ಕೂಡ, ಪತಂಜಲಿಯ ಯೋಗಸೂತ್ರಗಳ ಆಧಾರದ ಮೇಲೆ ಚಿಕಿತ್ಸೆ ರೂಪಿಸಿ 1970ರ ದಶಕದ ಆರಂಭದಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಗುಂಪಿಗೆ ಆಸನದಿಂದ ಧ್ಯಾನದವರೆಗೆ ಪೂರ್ತಿ ಅಭ್ಯಾಸ, ಇನ್ನೊಂದಕ್ಕೆ ಆಸನ ಮತ್ತು ಉಸಿರಾಟ ಮಾತ್ರ. ಪೂರ್ತಿ ಅಭ್ಯಾಸ ಮಾಡಿದವರು ಹೆಚ್ಚು ಸುಧಾರಿಸಿದರು. ರೋಗಿ ಬಂದು ಕೂತನೇ ಎಂಬುದನ್ನು ಹಾಜರಿ ಪುಸ್ತಕ ಹೇಳುತ್ತದೆ. ಕಣ್ಣು ಮುಚ್ಚಿದವನ ಮನಸ್ಸು ನಿಂತಿತೇ ಎಂಬುದನ್ನು ಹೇಳುವ ಪುಸ್ತಕ ಯಾವುದು? ಗುಳಿಗೆಯಿಲ್ಲದ ಚಿಕಿತ್ಸೆಯನ್ನು ಅಳೆಯುವ ಕಷ್ಟ ಪರೇಲಿನಲ್ಲಿ ಆಗಲೇ ಎದುರಾಗಿತ್ತು.

ಕೂಡಿಡುವ ಕಾಯಿಲೆಯಲ್ಲಿ ಈ ಕಷ್ಟ ಇನ್ನೂ ಜಟಿಲ, ಒಂದು ಲೆಕ್ಕಕ್ಕೆ ಸುಲಭವೂ ಹೌದು. ಇದರ ಅಧ್ಯಯನಕ್ಕೆ ತಳಪಾಯ ಹಾಕಿದವರು ಅಮೆರಿಕದ ರ್ಯಾಂಡಿ ಫ್ರಾಸ್ಟ್ ಮತ್ತು ಗೇಲ್ ಸ್ಟೆಕೆಟೀ. 2004ರಲ್ಲಿ ಬಂದ 23 ಪ್ರಶ್ನೆಗಳ ಪಟ್ಟಿ ಮನೆಯ ರಾಶಿ, ಬಿಸಾಡಲಾಗದ ಸಂಕಟ, ತಂದು ತುಂಬುವ ಚಟ ಈ ಮೂರನ್ನೂ ಅಂಕಿಗೆ ಇಳಿಸಿತು. 2008ರಲ್ಲಿ ಚಿತ್ರಗಳ ಅಳತೆ ಬಂತು. ಹಾಲ್, ಅಡುಗೆಮನೆ, ಮಲಗುವ ಕೋಣೆ, ಒಂದೊಂದಕ್ಕೂ ಒಂಬತ್ತು ಫೋಟೋ. ಮೊದಲನೆಯದರಲ್ಲಿ ಕೋಣೆ ಚೊಕ್ಕ, ಒಂಬತ್ತನೆಯದರಲ್ಲಿ ಸೂರಿನವರೆಗೆ ರಾಶಿ. ತನ್ನ ಕೋಣೆ ಯಾವುದನ್ನು ಹೋಲುತ್ತದೆ ಎಂದು ರೋಗಿ ಬೆರಳಿಟ್ಟು ತೋರಿಸಬೇಕು, ಚಿಕಿತ್ಸಕರೂ ನೋಡಿ ತೋರಿಸಬೇಕು. ಡೇವಿಡ್ ಟೋಲಿನ್ ಜೊತೆ ಇವರಿಬ್ಬರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಭೇಟಿಯೂ ಸೇರಿ 26 ಭೇಟಿಗಳಿದ್ದವು. ಸೇರಿದ 14 ಮಂದಿಯಲ್ಲಿ ಮುಗಿಸಿದವರು ಹತ್ತು, ಅವರಲ್ಲಿ ಚೆನ್ನಾಗಿ ಸುಧಾರಿಸಿದವರು ಐದು. ಯಾರು ಕೊಟ್ಟ ಮನೆಗೆಲಸ ಮಾಡಿದರೋ ಅವರೇ ಹೆಚ್ಚು ಸುಧಾರಿಸಿದರು. ಅಂದರೆ ಈ ಕಾಯಿಲೆಗೆ ಮನೆಗೆಲಸವೇ ಡೋಸು, ಖಾಲಿಯಾದ ನೆಲವೇ ಮೂತ್ರ ಪರೀಕ್ಷೆ.

ಆದರೆ ಆ ಫೋಟೋಗಳು ಅಮೆರಿಕದ ಮನೆಗಳದ್ದು. ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವಡಿಗಳಲ್ಲಿ 1920ರ ದಶಕದಲ್ಲಿ ಎದ್ದ ಬಿಡಿಡಿ ಚಾಳುಗಳ ಒಂದು ಖೋಲಿ 160 ಚದರ ಅಡಿ. ಅದೇ ಹಾಲ್, ಅದೇ ಅಡುಗೆಮನೆ, ಅದೇ ಮಲಗುವ ಜಾಗ. ಮೂರು ಕೋಣೆಗೆ ಮೂರು ಅಂಕ ಕೊಡುವುದು ಅಲ್ಲಿ ಹೇಗೆ? ಇಡೀ ಸಂಸಾರದ ಟ್ರಂಕು, ಹಾಸಿಗೆ ಸುರುಳಿ, ನೀರಿನ ಡ್ರಮ್ಮು, ಗಣೇಶ ಹಬ್ಬದ ಮಂಟಪ ಎಲ್ಲ ಅಟ್ಟ ಸೇರಿದ ಮನೆ ಕಾಯಿಲೆಯಿಲ್ಲದೆಯೂ ಆರನೆಯ ಫೋಟೋದಂತೆ ಕಾಣಬಹುದು. ಕಾಯಿಲೆಯಿದ್ದ ಮನೆಯಲ್ಲಿ ಹತ್ತು ಚೀಲ ಹೊರಗೆ ಹೋದರೂ ಫೋಟೋದಲ್ಲಿ ಒಂದು ಅಂಕವೂ ಇಳಿಯದಿರಬಹುದು. ಹಾಗಾಗಿ ಇಲ್ಲಿ ಕೇಳಬೇಕಾದ್ದು ಬೇರೆ. ಒಲೆಯ ಮುಂದೆ ನಿಲ್ಲಲು ಜಾಗವಾಯಿತೇ? ಅಜ್ಜಿ ಚಾಪೆ ಬಿಡಿಸಬಹುದೇ? ಬೆಂಕಿ ಬಿದ್ದರೆ ಬಾಗಿಲಿಗೆ ಓಡಬಹುದೇ?

ಮುಂಬೈಗೇ ವಿಶೇಷವಾದ ಇನ್ನೊಂದು ತೊಡಕುಂಟು. ಇಲ್ಲಿ ಬಿಸಾಡಿದ್ದಕ್ಕೆಲ್ಲ ಬೆಲೆಯಿದೆ. ಗಲ್ಲಿಗೊಬ್ಬ ರದ್ದಿವಾಲಾ ತಕ್ಕಡಿ ಹಿಡಿದು ಪತ್ರಿಕೆ ತೂಗುತ್ತಾನೆ. ಧಾರಾವಿಯ ‘ತೇರಾ ಕಂಪೌಂಡ್’ನಲ್ಲಿ ಪ್ಲಾಸ್ಟಿಕ್ ಡಬ್ಬಿ ಬಣ್ಣದ ಪ್ರಕಾರ ಬೇರೆಯಾಗಿ, ತೊಳೆದು, ಪುಡಿಯಾಗಿ ಮತ್ತೆ ಕಾರ್ಖಾನೆಗೆ ಹೋಗುತ್ತದೆ. ಇದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ ಎಂದು ರೋಗಿ ಹೇಳಿದರೆ ಈ ನಗರದಲ್ಲಿ ಆ ಮಾತು ಸುಳ್ಳಲ್ಲ. ಚಿಕಿತ್ಸಕರು ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ರದ್ದಿ ಅಂಗಡಿಯ ತೂಕದ ಚೀಟಿಯೂ ಪ್ರಗತಿಯ ಲೆಕ್ಕವಾಗಬಹುದು, ಒಂದೇ ಷರತ್ತು: ಆ ರಾಶಿಯನ್ನು ರೋಗಿಯೇ ಆರಿಸಿ ಕೊಟ್ಟಿರಬೇಕು. ಅವರು ಊರಿಗೆ ಹೋದಾಗ ಮಕ್ಕಳು ಟೆಂಪೊ ತರಿಸಿ ತುಂಬಿ ಕಳಿಸಿದರೆ ಆ ಚೀಟಿಯಲ್ಲಿರುವುದು ಮಕ್ಕಳ ಕೆಲಸ. ಕೆಲವೇ ತಿಂಗಳಲ್ಲಿ ಮನೆ ಮತ್ತೆ ತುಂಬಬಹುದು, ಮುಂದಿನ ಸಲ ಬಾಗಿಲು ತೆರೆಯದೆಯೂ ಇರಬಹುದು. 1897ರ ಶೋಧ ತಂಡಗಳ ಮುಂದೆ ಬಾಗಿಲು ಮುಚ್ಚಿದ್ದು ಇದೇ ಕಾರಣಕ್ಕೆ.

ರೋಗಿ ಮಾತು ಕೇಳುತ್ತಿಲ್ಲ ಎಂಬ ತೀರ್ಪು ಮುಂಬೈಯಲ್ಲಿ ಬಹಳ ಸುಲಭವಾಗಿ ಹೊರಬಿದ್ದಿದೆ, ಪ್ರತಿ ಸಲವೂ ತಪಾಸಣೆ ಮುಂದುವರಿದಾಗ ಚೀಟಿಯ ತಪ್ಪು, ಸಮಯದ ತಪ್ಪು, ಕಟ್ಟಡದ ತಪ್ಪು ಬೆಳಕಿಗೆ ಬಂದಿದೆ. ಕೂಡಿಡುವ ಕಾಯಿಲೆಯ ಚಿಕಿತ್ಸೆಯನ್ನು ಅಳೆಯುವವರು ಆ ತೀರ್ಪಿನಿಂದ ಶುರುಮಾಡಬಾರದು. ಎಷ್ಟು ಭೇಟಿ ತಪ್ಪಿತು ಎಂದು ಬರೆಯುವ ಪುಸ್ತಕದಲ್ಲೇ ಚಿಕಿತ್ಸಕರು ಎಷ್ಟು ಸಲ ಮನೆಗೆ ಹೋದರು ಎಂದೂ ಬರೆಯಬೇಕು.

ಮನೆಯಲ್ಲಿ ಇಂಥ ಹಿರಿಯರೊಬ್ಬರಿದ್ದರೆ ಟೆಂಪೊ ತರಿಸುವ ಮೊದಲು ಅವರ ಜೊತೆ ಕೂತು ಮಾತನಾಡಿ. ಒಂದು ಸಣ್ಣ ಜಾಗವನ್ನು ಅವರೇ ಆರಿಸಲಿ. ಮನೋವೈದ್ಯರ ಬಳಿ ಹೋಗುವ ಧೈರ್ಯ ಸಾಲದಿದ್ದರೆ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲುರಾತ್ರಿ ಕೆಲಸ ಮಾಡುವ ಈ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡಬಹುದು.